ಸಿ ಇರಲಾ, ರಸ್ಟ್ ತರಲಾ? ಸಿಸ್ಟಮ್ಸ್ ಸಾಫ್ಟ್‌ವೇರ್‌ಗೆ ಭಾಷೆ ಆರಿಸುವ ಸಮಗ್ರ ಮಾರ್ಗದರ್ಶಿ

ಯಂತ್ರಕ್ಕೆ ಹತ್ತಿರವಾಗಿ ಓಡುವ ಸಾಫ್ಟ್‌ವೇರ್ ಬರೆಯಲು ಸಿ ಹಳೆಯ ಭಾಷೆ, ಮೆಮೊರಿ ತಪ್ಪುಗಳನ್ನು ತಡೆಯುವ ರಸ್ಟ್ ಹೊಸದು. "ನಾವು ಸಿ ಬಿಟ್ಟು ರಸ್ಟ್‌ಗೆ ಹೋಗಬೇಕಾ?" ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಲು ಆಗುವುದಿಲ್ಲ. ಪ್ರಶ್ನೆಯೇ ತುಂಬ ದೊಡ್ಡದು. ಇಡೀ ಪ್ರಾಡಕ್ಟ್‌ಗೆ ಒಂದೇ ಭಾಷೆ ಇರಬೇಕೆಂದು ಯಾರೂ ಹೇಳಿಲ್ಲ. ಮುಂದೆ ಬರೆಯಲಿರುವ ಮಾಡ್ಯೂಲ್ (ಪ್ರೋಗ್ರಾಂನ ಒಂದು ಬಿಡಿ ಭಾಗ) ಯಾವ ಭಾಷೆಯಲ್ಲಿರಬೇಕು ಎಂದು ಕೇಳಿಕೊಳ್ಳಿ. ಆ ಪ್ರಶ್ನೆಗೆ ಉತ್ತರ ಸಿಗುತ್ತದೆ. ಪ್ರತಿ ಮಾಡ್ಯೂಲ್‌ಗೂ ಬೇರೆ ಉತ್ತರ ಬರಬಹುದು, ಅದರಲ್ಲಿ ತಪ್ಪೇನೂ ಇಲ್ಲ.

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಬೇಕು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಲೆಕ್ಕ ತೆರೆದಿಟ್ಟಿತು. ಪ್ರತಿ ವರ್ಷ ಅದು ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿ ತಪ್ಪುಗಳಿಂದ ಬಂದವು. ಮರುವರ್ಷ ಕ್ರೋಮ್ ಬ್ರೌಸರ್‌ನ ತಳಹದಿಯಾದ ಕ್ರೋಮಿಯಂನ ತಂಡ ತನ್ನ ಗಂಭೀರ ದೋಷಗಳನ್ನು ಎಣಿಸಿದಾಗಲೂ ಸಿಕ್ಕಿದ್ದು ಹೆಚ್ಚುಕಡಿಮೆ ಅದೇ 70%. ಎರಡೂ ಕಡೆ ಪಳಗಿದ ಎಂಜಿನಿಯರ್‌ಗಳಿದ್ದಾರೆ, ಒಳ್ಳೆಯ ಟೂಲ್‌ಗಳಿವೆ, ಬಿಗಿಯಾದ ರಿವ್ಯೂ ಇದೆ. "ಹುಷಾರಾಗಿ ಬರೆದರೆ ಸಿ ಸಾಕು" ಎನ್ನುವವರು ಈ ಎರಡು ಅಂಕಿಗಳನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು.

ಹೆಜ್ಜೆಗಳು ಸ್ಪಷ್ಟವಾಗಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾರ್ಖಾನೆಯಲ್ಲಿ ಕೂರುವ ಗೇಟ್‌ವೇ ಪೆಟ್ಟಿಗೆ. ಒಳಗೆ ಆರ್ಮ್ ಚಿಪ್, ಅದರ ಮೇಲೆ ಲಿನಕ್ಸ್. ಸೀರಿಯಲ್ ಕೇಬಲ್ ಮೂಲಕ ಮೀಟರ್‌ಗಳನ್ನು ಓದುತ್ತದೆ, ರೀಡಿಂಗ್‌ಗಳನ್ನು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನಲ್ಲಿ ಇಡುತ್ತದೆ, ಇಂಟರ್ನೆಟ್ ಮೂಲಕ ಸರ್ವರ್‌ಗೆ ಕಳಿಸುತ್ತದೆ. ಇಷ್ಟೂ ಹಲವು ವರ್ಷಗಳಿಂದ ಓಡುತ್ತಿರುವ ಸಿ ಕೋಡ್. ಈಗ ಎರಡು ಹೊಸ ಮಾಡ್ಯೂಲ್ ಬೇಕಾಗಿವೆ: ದೂರದಿಂದ ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುವುದು, ಮತ್ತು ಸೆಟ್ಟಿಂಗ್ ಬದಲಿಸಲು ಒಂದು ವೆಬ್ ಪುಟ.

ಹೆಜ್ಜೆ 1: ಮೆಮೊರಿ ಸುರಕ್ಷತೆ ಕೊಡುವ ಭರವಸೆ ಏನು ಎಂದು ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಈ ಭರವಸೆಯನ್ನು ತಪ್ಪಾಗಿ ತಿಳಿದವರು ಮುಂದಿನ ಎಲ್ಲ ಹೆಜ್ಜೆಗಳಲ್ಲೂ ಎಡವುತ್ತಾರೆ.

ಮೆಮೊರಿ ತಪ್ಪುಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು, ಗಡಿ ಮೀರಿ ಓದುವುದು ಅಥವಾ ಬರೆಯುವುದು. 2014ರ ಹಾರ್ಟ್‌ಬ್ಲೀಡ್ ಎಂಬ ದೋಷ ಇದೇ ಜಾತಿಯದು. ಇಂಟರ್ನೆಟ್ ಸಂವಹನವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ ಒಂದು ಪುಟ್ಟ ಸಂದೇಶ ಕಳಿಸಿ, "ಇದರ ಉದ್ದ 64 ಕೆಬಿ" ಎಂದು ಸುಳ್ಳು ಹೇಳಿದರೆ ಸಾಕಿತ್ತು. ಅದು ಪರಿಶೀಲಿಸದೆ ಪಕ್ಕದ ಮೆಮೊರಿಯನ್ನೂ ಸೇರಿಸಿ ವಾಪಸ್ ಕಳಿಸುತ್ತಿತ್ತು. ಪಾಸ್‌ವರ್ಡ್, ಖಾಸಗಿ ಕೀ, ಅಲ್ಲಿ ಏನಿತ್ತೋ ಅದು ಹೊರಗೆ. ಎರಡನೆಯದು, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಬಳಸುವುದು. ಬಾಡಿಗೆ ಮನೆ ಖಾಲಿ ಮಾಡಿದ ಮೇಲೂ ಡೂಪ್ಲಿಕೇಟ್ ಕೀ ಇಟ್ಟುಕೊಂಡು, ಹೊಸಬರು ಬಂದ ಮೇಲೆ ಒಳಗೆ ನುಗ್ಗಿದ ಹಾಗೆ. ಕ್ರೋಮಿಯಂ ಎಣಿಸಿದ ಮೆಮೊರಿ ದೋಷಗಳಲ್ಲಿ ಅರ್ಧದಷ್ಟು ಈ ಜಾತಿಯವೇ.

ಈ ಎರಡನ್ನೂ ತಡೆಯುವ ದಾರಿಗಳು ಬೇರೆ ಬೇರೆ. ಗೋ, ಜಾವಾ, ಸಿ ಶಾರ್ಪ್ ಭಾಷೆಗಳಲ್ಲಿ ಗಾರ್ಬೇಜ್ ಕಲೆಕ್ಟರ್ ಇದೆ. ಯಾರೂ ಬಳಸದ ಮೆಮೊರಿಯನ್ನು ಅದೇ ಹುಡುಕಿ ಬಿಡುಗಡೆ ಮಾಡುತ್ತದೆ. ರಸ್ಟ್‌ನಲ್ಲಿ ಅದಿಲ್ಲ. ಯಾವ ಡೇಟಾಗೆ ಯಾರು ಒಡೆಯರು, ಯಾರು ಎರವಲು ಪಡೆದಿದ್ದಾರೆ, ಎಲ್ಲಿಯವರೆಗೆ ಎಂಬುದನ್ನು ಕಂಪೈಲರ್ (ಕೋಡ್ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಮೊದಲೇ ಪರೀಕ್ಷಿಸುತ್ತದೆ. ಲೆಕ್ಕ ತಪ್ಪಿದರೆ ಕಂಪೈಲ್ ಆಗುವುದೇ ಇಲ್ಲ. ಅರೇಯ (ಮೌಲ್ಯಗಳ ಸಾಲಿನ) ಗಡಿಯನ್ನು ಮಾತ್ರ ಓಡುವಾಗ ನೋಡುತ್ತದೆ. ಜಿಗ್ ಎಂಬ ಭಾಷೆ ಈ ಸುರಕ್ಷಿತ ಭಾಷೆಗಳಿಗೂ ಸಿಗೂ ನಡುವೆ ನಿಲ್ಲುತ್ತದೆ: ಸುರಕ್ಷಿತ ಬಿಲ್ಡ್‌ಗಳಲ್ಲಿ ಗಡಿ ತಪಾಸಣೆ ಇದೆ, ಆದರೆ ಬಿಟ್ಟುಕೊಟ್ಟ ಮೆಮೊರಿಯ ಮರುಬಳಕೆಯನ್ನು ಭಾಷೆ ತಡೆಯುವುದಿಲ್ಲ. ಸಿ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲಿ ಎಲ್ಲವೂ ಬರೆಯುವವರ ಹೊಣೆ.

ಈಗ ಇನ್ನೊಂದು ಬದಿ. ಮೆಮೊರಿ ಸುರಕ್ಷಿತ ಭಾಷೆ ಡೆಡ್‌ಲಾಕ್ (ಎರಡು ಕೆಲಸಗಳು ಒಂದಕ್ಕೊಂದು ಕಾಯುತ್ತ ನಿಂತುಬಿಡುವುದು) ತಡೆಯುವುದಿಲ್ಲ. ತಪ್ಪು ಲೆಕ್ಕ, ತಪ್ಪು ಅನುಮತಿ, ಮೆಮೊರಿ ಸೋರಿಕೆ ಇವೂ ಅದರ ಭರವಸೆಯೊಳಗೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಪ್ರೋಗ್ರಾಂ ನಿಲ್ಲದಂತೆ ಕಾಯುವುದಿಲ್ಲ. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಕೋಡ್‌ಗೆ ಸಿಗುತ್ತಿದ್ದದ್ದು 20 ಮೌಲ್ಯ, ಅದು ಓದಲು ಹೋದದ್ದು 21ನೆಯದನ್ನು. ಅಚ್ಚುಕಟ್ಟಾದ ಗಡಿ ಮೀರಿದ ಓದು. ಇದನ್ನು ತೋರಿಸಿ "ರಸ್ಟ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ" ಎಂದು ಹಲವರು ಬರೆದರು. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ರಸ್ಟ್‌ನಲ್ಲಿ ಗಡಿ ಮೀರಿದರೆ ಪ್ಯಾನಿಕ್ ಆಗುತ್ತದೆ, ಅಂದರೆ ಪ್ರೋಗ್ರಾಂ ಬೇಕೆಂದೇ ನಿಲ್ಲುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಡ್ರೈವರ್‌ನಲ್ಲಿ ಆ ಪ್ಯಾನಿಕ್ ಹಿಡಿಯುವ ವ್ಯವಸ್ಥೆ ಇಲ್ಲದಿದ್ದರೆ ಯಂತ್ರ ಆಗಲೂ ಬೀಳುತ್ತದೆ.

2025ರ ನವೆಂಬರ್ 18ರಂದು ಅನೇಕ ಸೈಟ್‌ಗಳ ಟ್ರಾಫಿಕ್ ಸಾಗಿಸುವ ಕ್ಲೌಡ್‌ಫ್ಲೇರ್ ಕಂಪನಿಯಲ್ಲಿ ಅಂಥದ್ದೇ ನಡೆಯಿತು. ಒಂದು ಫೈಲ್ ನಿರೀಕ್ಷೆಗಿಂತ ದೊಡ್ಡದಾಗಿ, ಅದರಲ್ಲಿದ್ದ ಅಂಶಗಳು 200ರ ಮಿತಿ ದಾಟಿದವು. ರಸ್ಟ್ ಕೋಡ್ ಆ ತಪ್ಪನ್ನು ನಿಭಾಯಿಸುವ ಬದಲು "ಇದು ಆಗಲಾರದು" ಎಂದುಕೊಂಡು ಅನ್‌ರ್ಯಾಪ್ (ತಪ್ಪಿದ್ದರೆ ಪ್ಯಾನಿಕ್ ಆಗುವ ಕರೆ) ಮಾಡಿತ್ತು. ಪ್ಯಾನಿಕ್ ಆಯಿತು, ಜಗತ್ತಿನ ಎಷ್ಟೋ ಸೈಟ್‌ಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಆದರೆ ಯಾರ ಡೇಟಾವೂ ಸೋರಲಿಲ್ಲ. 2017ರಲ್ಲಿ ಅದೇ ಕಂಪನಿಯ ಸಿ ಪಾರ್ಸರ್ (ಬಂದ ಡೇಟಾವನ್ನು ಬಿಡಿಸಿ ಓದುವ ಕೋಡ್) ಬಫರ್‌ನ (ಡೇಟಾ ಇಡುವ ಮೆಮೊರಿ ಜಾಗದ) ಅಂಚು ದಾಟಿ ಓದಿದಾಗ ಗ್ರಾಹಕರ ಖಾಸಗಿ ಮಾಹಿತಿ ಬೇರೆಯವರ ಪುಟಗಳಲ್ಲಿ ಕಾಣಿಸಿಕೊಂಡಿತ್ತು, ಸರ್ಚ್ ಎಂಜಿನ್‌ಗಳ ಕ್ಯಾಶ್‌ನಲ್ಲೂ (ತಾತ್ಕಾಲಿಕ ಪ್ರತಿಗಳಲ್ಲೂ) ಉಳಿದಿತ್ತು. ನೀವು ಕೊಳ್ಳುತ್ತಿರುವುದು ಈ ವ್ಯತ್ಯಾಸವನ್ನು: ತಪ್ಪಾದಾಗ ಗುಟ್ಟಾಗಿ ಸೋರುವ ಬದಲು ಎದ್ದು ಕಾಣುವ ಹಾಗೆ ನಿಲ್ಲುವುದು. ನಿಲ್ಲುವುದೇ ಅಪಾಯವಾದ ಕಡೆ, ಉದಾಹರಣೆಗೆ ವೆಂಟಿಲೇಟರ್ ಅಥವಾ ಬ್ರೇಕ್‌ನಲ್ಲಿ, ವಾಚ್‌ಡಾಗ್ (ನಿಂತದ್ದನ್ನು ಗಮನಿಸಿ ಮತ್ತೆ ಶುರು ಮಾಡುವ ಕಾವಲು) ಮತ್ತು ಬದಲಿ ವ್ಯವಸ್ಥೆಯನ್ನು ಬೇರೆಯಾಗಿಯೇ ಕಟ್ಟಬೇಕು.

ಹೆಜ್ಜೆ 2: ಹೊರಗಿನ ಬೈಟ್ ಎಲ್ಲಿಂದ ಒಳಗೆ ಬರುತ್ತದೆ ಎಂದು ಗುರುತಿಸಿ

ಒಂದು ಹಾಳೆ ತೆಗೆದುಕೊಳ್ಳಿ. ಸಿಸ್ಟಮ್‌ನ ಮಾಡ್ಯೂಲ್‌ಗಳನ್ನು ಪೆಟ್ಟಿಗೆಗಳಾಗಿ ಬರೆಯಿರಿ. ಹೊರಗಿನವರು ಕಳಿಸುವ ಡೇಟಾ ತಾಗುವ ಪ್ರತಿ ಪೆಟ್ಟಿಗೆಗೆ ಕೆಂಪು ಗುರುತು ಹಾಕಿ. ನೆಟ್‌ವರ್ಕ್ ಪ್ಯಾಕೆಟ್, ಬಳಕೆದಾರರು ಅಪ್‌ಲೋಡ್ ಮಾಡುವ ಫೈಲ್, ಚಿತ್ರ, ಫಾಂಟ್, ಯುಎಸ್‌ಬಿ, ಬ್ಲೂಟೂತ್ ಎಲ್ಲವೂ ಹೊರಗಿನವೇ. "ಚಿತ್ರ ತಾನೇ" ಎಂದು ಬಿಡಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರ ಬಿಡಿಸುವ ಲೈಬ್ರರಿಯಲ್ಲಿ ಸಿಕ್ಕ ಒಂದು ಬಫರ್ ಓವರ್‌ಫ್ಲೋ ದೊಡ್ಡ ಬ್ರೌಸರ್‌ಗಳೆಲ್ಲ ತುರ್ತಾಗಿ ಅಪ್‌ಡೇಟ್ ಮಾಡುವಂತೆ ಮಾಡಿತು.

ಆಮೇಲೆ ಕ್ರೋಮಿಯಂ ತಂಡದ ಒಂದು ನಿಯಮ ಬಳಸಿ. ಅವರು ಅದನ್ನು ಎರಡರ ನಿಯಮ ಎನ್ನುತ್ತಾರೆ. ನಂಬಲಾಗದ ಡೇಟಾ, ಅಸುರಕ್ಷಿತ ಭಾಷೆ, ಹೆಚ್ಚಿನ ಅಧಿಕಾರ. ಈ ಮೂರರಲ್ಲಿ ಒಂದು ಮಾಡ್ಯೂಲ್‌ಗೆ ಎರಡಕ್ಕಿಂತ ಜಾಸ್ತಿ ಇರಬಾರದು. ಸಿ ಕೋಡ್ ಹೊರಗಿನ ಡೇಟಾ ಓದಲೇಬೇಕಾದರೆ ಅದನ್ನು ಅಧಿಕಾರವಿಲ್ಲದ ಸ್ಯಾಂಡ್‌ಬಾಕ್ಸ್‌ನಲ್ಲಿ, ಅಂದರೆ ಉಳಿದುದನ್ನು ಮುಟ್ಟಲಾಗದ ಬೇಲಿಯೊಳಗೆ, ಕೂರಿಸಿ. ರೂಟ್ ಆಗಿ (ಎಲ್ಲ ಅಧಿಕಾರದೊಂದಿಗೆ) ಓಡುವ ಸಿ ಕೋಡ್‌ಗೆ ಹೊರಗಿನ ಡೇಟಾ ಕೊಡಬೇಡಿ. ಮೂರೂ ಸೇರುವ ಜಾಗದಲ್ಲಿ ಭಾಷೆ ಬದಲಿಸಿ. ಇಷ್ಟು ಸರಳವಾದ, ಆದರೂ ಇಷ್ಟು ಉಪಯೋಗಕ್ಕೆ ಬರುವ ನಿಯಮವನ್ನು ಈ ವಿಷಯದಲ್ಲಿ ನಾನು ಬೇರೆ ಕಂಡಿಲ್ಲ. ಗೋಡೆಗೆ ಅಂಟಿಸಿಕೊಳ್ಳಿ.

ನಮ್ಮ ಗೇಟ್‌ವೇಗೆ ಹಚ್ಚಿ ನೋಡೋಣ. ಫರ್ಮ್‌ವೇರ್ ಅಪ್‌ಡೇಟ್ ಮಾಡ್ಯೂಲ್ ಇಂಟರ್ನೆಟ್‌ನಿಂದ ಬಂದ ಫೈಲ್ ಬಿಚ್ಚುತ್ತದೆ, ರೂಟ್ ಅಧಿಕಾರದಲ್ಲಿ ಡಿಸ್ಕ್ ಮೇಲೆ ಬರೆಯುತ್ತದೆ. ಎರಡು ಆಗಲೇ ಆಯಿತು. ಅಂದರೆ ಅದು ಸಿಯಲ್ಲಿ ಇರಬಾರದು. ವೆಬ್ ಪುಟದ ಸರ್ವರ್ ಹೊರಗಿನ ಡೇಟಾ ಓದುತ್ತದೆ, ಆದರೆ ಕಡಿಮೆ ಅಧಿಕಾರದಲ್ಲಿ ಓಡಬಲ್ಲದು. ಸಿಯಲ್ಲಿ ಬರೆದರೂ ನಿಯಮ ಮುರಿಯದು, ಆದರೆ ಹೊಸದಾಗಿ ಬರೆಯುವಾಗ ಸಿ ಆರಿಸಲು ಕಾರಣವೂ ಇಲ್ಲ. ಮೀಟರ್ ಓದುವ ಹಳೆಯ ಕೋಡ್ ಕಾರ್ಖಾನೆಯ ಒಳಗಿನ ಕೇಬಲ್‌ಗೆ ಮಾತ್ರ ಕಿವಿಗೊಡುತ್ತದೆ. ಅದರ ಸರದಿ ಆಮೇಲೆ.

ಹೆಜ್ಜೆ 3: ಹಳೆಯ ಕೋಡ್, ಹೊಸ ಕೋಡ್ ಬೇರೆ ಮಾಡಿ

ಅನೇಕ ಟೀಮ್‌ಗಳು ಸೋಲುವುದು ಇಲ್ಲಿ. "ಎಲ್ಲವನ್ನೂ ರಸ್ಟ್‌ನಲ್ಲಿ ಮತ್ತೆ ಬರೆಯೋಣ" ಎಂದು ಹೊರಟು ಅರ್ಧಕ್ಕೆ ನಿಲ್ಲುತ್ತವೆ. ಆ ಕೆಲಸ ಬೇಕಾಗಿಯೂ ಇಲ್ಲ ಎಂಬುದಕ್ಕೆ ಆಂಡ್ರಾಯ್ಡ್ ಸಾಕ್ಷಿ.

2019ರಲ್ಲಿ ಆಂಡ್ರಾಯ್ಡ್‌ನ ಭದ್ರತಾ ದೋಷಗಳಲ್ಲಿ 76% ಮೆಮೊರಿ ದೋಷಗಳು. 2024ರ ಹೊತ್ತಿಗೆ ಅದು 24%ಗೆ ಇಳಿಯಿತು. ಇದಕ್ಕಾಗಿ ಗೂಗಲ್ ಹಳೆಯ ಸಿ ಪ್ಲಸ್ ಪ್ಲಸ್ ಕೋಡ್ ಅನ್ನೆಲ್ಲ ತೆಗೆದುಹಾಕಲಿಲ್ಲ. ಹೊಸ ಕೋಡ್ ಅನ್ನು ಹೆಚ್ಚಾಗಿ ರಸ್ಟ್, ಕೋಟ್ಲಿನ್, ಜಾವಾದಲ್ಲಿ ಬರೆಯಿತು, ಅಷ್ಟೇ. ಮೆಮೊರಿ ದೋಷಗಳು ಹೆಚ್ಚಾಗಿ ಹೊಸ ಅಥವಾ ಇತ್ತೀಚೆಗೆ ತಿದ್ದಿದ ಕೋಡ್‌ನಲ್ಲಿ ಇರುತ್ತವೆ. ಹಳೆಯ ಕೋಡ್ ಬಳಕೆಯಾಗುತ್ತ ಹೋದಂತೆ ಬಗ್‌ಗಳು ಒಂದೊಂದಾಗಿ ಸಿಕ್ಕಿ ಸರಿಯಾಗುತ್ತವೆ, ಉಳಿಯುವುದು ಕಡಿಮೆ. ಹೊಸ ಬಗ್‌ಗಳು ಸೇರುವ ಬಾಗಿಲು ಮುಚ್ಚಿದರೆ ಹಳೆಯವು ತಾನಾಗಿ ಕರಗುತ್ತವೆ.

ಮತ್ತೆ ಬರೆಯುವುದಕ್ಕೂ ಬೆಲೆ ಇದೆ. ಉಬುಂಟು 25.10ರಲ್ಲಿ ಹಳೆಯ ಕಮಾಂಡ್‌ಗಳ ಜಾಗಕ್ಕೆ ರಸ್ಟ್‌ನಲ್ಲಿ ಬರೆದವು ಬಂದವು. ಅದರಲ್ಲಿ ಡೇಟ್ ಕಮಾಂಡ್ ಒಂದು ಆಯ್ಕೆಯನ್ನು ಸರಿಯಾಗಿ ಪಾಲಿಸಲಿಲ್ಲ. ಅದನ್ನು ನೆಚ್ಚಿಕೊಂಡಿದ್ದ ಸ್ವಯಂ ಅಪ್‌ಡೇಟ್ ತಪಾಸಣೆ ಕೆಲಸ ನಿಲ್ಲಿಸಿತು. ಮೆಮೊರಿಗೂ ಅದಕ್ಕೂ ಸಂಬಂಧವಿಲ್ಲ. ಹತ್ತಾರು ವರ್ಷಗಳಲ್ಲಿ ಹಳೆಯ ಕೋಡ್ ಕಲಿತಿದ್ದ ಒಂದು ಸಣ್ಣ ನಡವಳಿಕೆ ಹೊಸದರಲ್ಲಿ ಬಿಟ್ಟುಹೋಗಿತ್ತು. ಎಸ್‌ಕ್ಯೂಲೈಟ್ ನೋಡಿ. ಪೂರ್ತಿ ಸಿ. ಅದರ ಪರೀಕ್ಷೆಗಳು ಕೋಡ್‌ನ ಪ್ರತಿ ಕವಲನ್ನೂ ಮುಟ್ಟುತ್ತವೆ. ಅಂಥದ್ದನ್ನು ನೆಮ್ಮದಿಯಾಗಿ ಹಾಗೇ ಬಳಸಿ.

ಒಂದು ಎಚ್ಚರಿಕೆ. "ಹಳೆಯದು" ಎಂದರೆ ಫೈಲ್‌ನ ವಯಸ್ಸು ನೋಡಿದರೆ ಸಾಲದು. ಮೇಲೆ ಹೇಳಿದ ಕ್ಲೌಡ್‌ಫ್ಲೇರ್‌ನ 2017ರ ಪಾರ್ಸರ್‌ನಲ್ಲಿ ತಪ್ಪು ವರ್ಷಗಳಿಂದ ಇತ್ತು, ಆದರೆ ಏನೂ ಸೋರುತ್ತಿರಲಿಲ್ಲ. ಪಕ್ಕದಲ್ಲಿ ಹೊಸ ಪಾರ್ಸರ್ ಬಂದು ಬಫರ್ ತುಂಬುವ ರೀತಿ ಬದಲಾದಾಗ ಆ ಹಳೆಯ ತಪ್ಪು ಜೀವ ಪಡೆಯಿತು. ಹಾಗಾಗಿ ಗಿಟ್ ಇತಿಹಾಸ (ಕೋಡ್ ಬದಲಾವಣೆಗಳ ದಾಖಲೆ) ತೆಗೆದು, ಕಳೆದ ಒಂದು ವರ್ಷದಲ್ಲಿ ಯಾವ ಸಿ ಫೈಲ್‌ಗಳು ಪದೇ ಪದೇ ಬದಲಾಗಿವೆ, ಅವುಗಳನ್ನು ಕರೆಯುವ ಕೋಡ್ ಎಷ್ಟು ಬದಲಾಗಿದೆ ಎಂದು ನೋಡಿ. ಪದೇ ಪದೇ ಬದಲಾಗುವ, ಕೆಂಪು ಗುರುತೂ ಇರುವ ಸಿ ಫೈಲ್ ಇದ್ದರೆ ಮತ್ತೆ ಬರೆಯುವ ಪಟ್ಟಿಯಲ್ಲಿ ಅದು ಮೊದಲು ಬರಲಿ.

ಹೆಜ್ಜೆ 4: ಚಿಪ್, ಸಮಯ, ಸರ್ಟಿಫಿಕೇಟ್

ಇಲ್ಲಿ ಆಸೆ ಬಿಟ್ಟು ಡೇಟಾಶೀಟ್ ನೋಡಬೇಕು. 8051 ಅಥವಾ 8 ಬಿಟ್ ಪಿಕ್ ಚಿಪ್ ಆದರೆ ಚರ್ಚೆ ಬೇಡ, ಸಿ ಇರಲಿ, ಅಲ್ಲಿಗೆ ರಸ್ಟ್ ಕಂಪೈಲರ್ ಇಲ್ಲ. ಆರ್ಮ್ ಕಾರ್ಟೆಕ್ಸ್ ಎಂ ಮತ್ತು ರಿಸ್ಕ್ ಫೈವ್‌ಗೆ ರಸ್ಟ್ ಚೆನ್ನಾಗಿ ಸಿದ್ಧವಾಗಿದೆ. ಆಪರೇಟಿಂಗ್ ಸಿಸ್ಟಮ್ ಇಲ್ಲದ ಬರಿಯ ಚಿಪ್ ಮೇಲೂ ಓಡುತ್ತದೆ. ಇಎಸ್‌ಪಿ 32ರ ಹಳೆಯ ಮಾದರಿಗಳಿಗೆ ತಯಾರಕರೇ ಕೊಡುವ ಬೇರೆ ಕಂಪೈಲರ್ ಹಾಕಿಕೊಳ್ಳಬೇಕು.

ಸಮಯದ ಪ್ರಶ್ನೆ ಗೋ ಥರದ ಭಾಷೆಗಳಿಗೆ. ಗಾರ್ಬೇಜ್ ಕಲೆಕ್ಟರ್ ನಡುನಡುವೆ ಕೆಲಸ ಮಾಡುತ್ತದೆ, ಆಗ ಉತ್ತರ ತಡವಾಗಬಹುದು. ಚಾಟ್ ಆ್ಯಪ್ ಡಿಸ್ಕಾರ್ಡ್‌ನ ಒಂದು ಗೋ ಸರ್ವಿಸ್‌ನಲ್ಲಿ ಸುಮಾರು ಎರಡು ನಿಮಿಷಕ್ಕೊಮ್ಮೆ ಹೀಗೆ ತಡವಾಗುತ್ತಿತ್ತು. 2020ರಲ್ಲಿ ಅದನ್ನು ರಸ್ಟ್‌ಗೆ ಬದಲಿಸಿದ ಕಥೆಯನ್ನು ಅವರೇ ಬರೆದರು. ಆದರೆ ಅದು ತುಂಬ ದೊಡ್ಡ ಕ್ಯಾಶ್ ಹೊತ್ತಿದ್ದ ಸರ್ವಿಸ್. ಸರ್ವರ್‌ಗಳಲ್ಲಿ ಎಲ್ಲೆಡೆ ಬಳಸುವ ಡಾಕರ್, ಕುಬರ್ನೆಟಿಸ್ ಎರಡೂ ಗೋದಲ್ಲೇ ಇವೆ, ಜಗತ್ತು ನಡೆಯುತ್ತಿದೆ. ನಿಮ್ಮ ಸರ್ವಿಸ್‌ಗೆ ನಡುವೆ ಬರುವ ಕೆಲವು ಮಿಲಿಸೆಕೆಂಡ್ ತಡ ನಡೆಯುತ್ತದಾ ಎಂದು ಅಳೆದು ನೋಡಿ. ನಡೆಯುವುದಾದರೆ ಗೋ ಕಲಿಯುವುದು ರಸ್ಟ್‌ಗಿಂತ ತುಂಬ ಸುಲಭ. ಒಂದೇ ಎಚ್ಚರಿಕೆ: ಗೋದಲ್ಲಿ ಲಾಕ್ ಇಲ್ಲದೆ ಎರಡು ಗೋರೂಟೀನ್‌ಗಳು (ಏಕಕಾಲಕ್ಕೆ ಓಡುವ ಕೆಲಸಗಳು) ಒಂದೇ ಡೇಟಾ ಬದಲಿಸಿದರೆ ಮೆಮೊರಿ ಸುರಕ್ಷತೆಯೂ ಮುರಿಯಬಹುದು. ಇಂಥದ್ದನ್ನು ಹಿಡಿಯುವ ರೇಸ್ ಡಿಟೆಕ್ಟರ್ ಹಾಕಿಯೇ ಟೆಸ್ಟ್ ಓಡಿಸಿ.

ಬೆಂಗಳೂರಿನಲ್ಲಿ ವಾಹನ ಅಥವಾ ವಿಮಾನದ ಸಾಫ್ಟ್‌ವೇರ್ ಬರೆಯುವವರು ಬಹಳ ಮಂದಿ. ಅವರಿಗೆ ಸರ್ಟಿಫಿಕೇಟ್‌ನ ಪ್ರಶ್ನೆ ದೊಡ್ಡದು. ವಾಹನ ಕ್ಷೇತ್ರದ ಐಎಸ್‌ಒ 26262 ಸುರಕ್ಷತಾ ಮಾನದಂಡಕ್ಕೆ ಫೆರೋಸೀನ್ ಎಂಬ ರಸ್ಟ್ ಟೂಲ್‌ಚೈನ್ (ಕಂಪೈಲರ್ ಮತ್ತು ಜೊತೆಯ ಟೂಲ್‌ಗಳು) 2023ರಲ್ಲೇ ಅರ್ಹತೆ ಪಡೆದಿದೆ. ಏಡಾ ಭಾಷೆ ಮತ್ತು ಅದರ ಸ್ಪಾರ್ಕ್ ರೂಪ ಈ ಜಾಗದಲ್ಲಿ ಬಹಳ ಹಿಂದಿನಿಂದ ಇವೆ, ಯಾಕೋ ನಾವು ಅವುಗಳನ್ನು ನೆನೆಯುವುದೇ ಕಡಿಮೆ. ಕಂಪೈಲರ್ ಜೊತೆಗೆ ನಿಮ್ಮ ಆರ್‌ಟಿಒಎಸ್ (ಕಟ್ಟುನಿಟ್ಟಾದ ಸಮಯಕ್ಕೆ ಓಡುವ ಆಪರೇಟಿಂಗ್ ಸಿಸ್ಟಮ್), ಡ್ರೈವರ್ ಲೈಬ್ರರಿ, ಡಿಬಗ್ಗರ್ ಸಿಗುತ್ತವಾ ಎಂದೂ ನೋಡಿ.

ಹೆಜ್ಜೆ 5: ಟೀಮ್ ಅನ್ನು ಲೆಕ್ಕಕ್ಕೆ ಹಿಡಿಯಿರಿ

ಸಿ ಬಲ್ಲವರು ಸುಲಭವಾಗಿ ಸಿಗುತ್ತಾರೆ, ರಸ್ಟ್ ಬಲ್ಲವರು ಅಷ್ಟು ಸಿಗುವುದಿಲ್ಲ. ಹಾಗಾಗಿ ಹೊರಗೆ ಹುಡುಕುವುದಕ್ಕಿಂತ ಇರುವವರಿಗೆ ಕಲಿಸುವುದು ಲೇಸು. ಗೂಗಲ್ ತನ್ನ ಡೆವಲಪರ್‌ಗಳನ್ನು ಕೇಳಿದಾಗ, ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚಿನವರು ಎರಡು ತಿಂಗಳೊಳಗೆ ರಸ್ಟ್‌ನಲ್ಲಿ ವಿಶ್ವಾಸದಿಂದ ಕೆಲಸ ಮಾಡುವಂತಾದೆವು ಎಂದರು. ಸಿಯಲ್ಲಿ ಪಾಯಿಂಟರ್‌ಗಳ (ಮೆಮೊರಿ ವಿಳಾಸಗಳ) ಜೊತೆ ವರ್ಷಗಟ್ಟಲೆ ಗುದ್ದಾಡಿದವರಿಗೆ ರಸ್ಟ್ ಕಂಪೈಲರ್ ಯಾಕೆ ಬೈಯುತ್ತಿದೆ ಎಂಬುದು ಬೇಗ ಅರ್ಥವಾಗುತ್ತದೆ. ಅವರನ್ನು "ಹಳೇ ಕಾಲದವರು" ಎಂದು ಪಕ್ಕಕ್ಕೆ ಸರಿಸುವುದು ಅನ್ಯಾಯ. ನಷ್ಟವೂ ಟೀಮ್‌ಗೇ.

ಒಬ್ಬರೇ ಕಲಿತರೆ ಆಗದು. ಬರೆದದ್ದನ್ನು ರಿವ್ಯೂ ಮಾಡಲು ಇನ್ನೊಬ್ಬರು ಬೇಕೇ ಬೇಕು. ಟೀಮ್‌ನಲ್ಲಿ ಕಡೇಪಕ್ಷ ಇಬ್ಬರು ಸಿದ್ಧವಾಗುವವರೆಗೆ ಪ್ರೊಡಕ್ಷನ್‌ಗೆ ಕಳಿಸಬೇಡಿ. ಮೊದಲ ತಿಂಗಳುಗಳ ಕೆಲಸ ನಿಧಾನವಾಗುತ್ತದೆ ಎಂದು ಮ್ಯಾನೇಜರ್‌ಗೆ ಮೊದಲೇ ಹೇಳಿಡಿ.

ಹೆಜ್ಜೆ 6: ಎರಡು ಭಾಷೆ ಸೇರುವ ಗಡಿಯನ್ನು ಚಿಕ್ಕದಾಗಿಡಿ

ಮೊದಲ ಮಾಡ್ಯೂಲ್ ಅನ್ನು ಬೇರೆ ಪ್ರಾಸೆಸ್ ಆಗಿ, ಅಂದರೆ ಪ್ರತ್ಯೇಕ ಪ್ರೋಗ್ರಾಂ ಆಗಿ ಓಡಿಸಿ. ಗೇಟ್‌ವೇಯ ಅಪ್‌ಡೇಟ್ ಮಾಡ್ಯೂಲ್ ಹಳೆಯ ಸಿ ಪ್ರೋಗ್ರಾಂ ಜೊತೆ ಸಾಕೆಟ್ ಮೂಲಕ ಸರಳ ಸಂದೇಶಗಳಲ್ಲಿ ಮಾತಾಡಲಿ. ಆಗ ಪಾಯಿಂಟರ್‌ಗಳು ಗಡಿ ದಾಟುವುದಿಲ್ಲ. ಒಂದು ಬಿದ್ದರೆ ಇನ್ನೊಂದು ಉಳಿಯುತ್ತದೆ. ಅಪ್‌ಡೇಟ್ ಫೈಲ್‌ನ ಡಿಜಿಟಲ್ ಸಹಿಯನ್ನು ಮೊದಲು ಪರಿಶೀಲಿಸಿ, ಆಮೇಲಷ್ಟೇ ಬಿಚ್ಚಿ. ಇದು ಯಾವ ಭಾಷೆಯಲ್ಲಿ ಬರೆದರೂ ತಪ್ಪಬಾರದ ಕ್ರಮ.

ಒಂದೇ ಪ್ರಾಸೆಸ್‌ನಲ್ಲಿ ಸೇರಿಸಲೇಬೇಕಾದರೆ ರಸ್ಟ್‌ನ ಅನ್‌ಸೇಫ್ ಬ್ಲಾಕ್ ಬೇಕಾಗುತ್ತದೆ. ಕಂಪೈಲರ್ ಪರೀಕ್ಷಿಸಲಾಗದ ಕೆಲಸಗಳಿಗೆ "ಇದು ನನ್ನ ಹೊಣೆ" ಎಂದು ನೀವು ಸಹಿ ಹಾಕುವ ಜಾಗ ಅದು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2025ರ ಡಿಸೆಂಬರ್‌ನಲ್ಲಿ ಲಿನಕ್ಸ್ ಕರ್ನಲ್‌ನ ರಸ್ಟ್ ಕೋಡ್‌ಗೆ ಮೊದಲ ಸಿವಿಇ (ಭದ್ರತಾ ದೋಷದ ಅಧಿಕೃತ ದಾಖಲೆ) ಬಂತು, ಬೈಂಡರ್ ಡ್ರೈವರ್‌ನಲ್ಲಿ. ತಪ್ಪು ಇದ್ದದ್ದು ಒಂದು ಪಟ್ಟಿಯನ್ನು ನಿಭಾಯಿಸುವ ಅನ್‌ಸೇಫ್ ಕೋಡ್‌ನಲ್ಲೇ. ಹಾಗಾಗಿ ಎಲ್ಲ ಅನ್‌ಸೇಫ್ ಬ್ಲಾಕ್‌ಗಳನ್ನು ಒಂದೇ ಚಿಕ್ಕ ಮಾಡ್ಯೂಲ್‌ನಲ್ಲಿ ಕೂಡಿಡಿ. ಉಳಿದ ಕಡೆ ಅದನ್ನು ನಿಷೇಧಿಸುವ ಸೂಚನೆಯನ್ನು ಕಂಪೈಲರ್‌ಗೇ ಕೊಡಿ. ಪ್ರತಿ ಬ್ಲಾಕ್ ಮೇಲೂ ಅದು ಯಾಕೆ ಸರಿ ಎಂದು ಒಂದು ಕಾಮೆಂಟ್ ಇರಲಿ. ಕಾಮೆಂಟ್ ಬರೆಯಲು ಆಗದಿದ್ದರೆ ಕೋಡ್ ಸರಿಯಿಲ್ಲ ಎಂದೇ ತಿಳಿಯಿರಿ. ಟೆಸ್ಟ್‌ಗಳನ್ನು ಮಿರಿ ಎಂಬ ಟೂಲ್‌ನಲ್ಲಿ ಓಡಿಸಿದರೆ ಅನ್‌ಸೇಫ್ ಕೋಡ್‌ನ ಅನೇಕ ತಪ್ಪುಗಳು ಸಿಕ್ಕಿಬೀಳುತ್ತವೆ.

ಜೊತೆಗೆ, ಹೊರಗಿನಿಂದ ತರುವ ಕ್ರೇಟ್‌ಗಳ (ರಸ್ಟ್ ಲೈಬ್ರರಿಗಳ) ಮೇಲೂ ಕಣ್ಣಿರಲಿ. ಒಂದು ಬೇಕೆಂದು ತಂದರೆ ಅದರ ಹಿಂದೆ ಹತ್ತಾರು ಬರುತ್ತವೆ. ಅವುಗಳಲ್ಲಿ ಗೊತ್ತಿರುವ ದೋಷಗಳನ್ನು ಹುಡುಕುವ ಕಾರ್ಗೋ ಆಡಿಟ್ ಅನ್ನು ಬಿಲ್ಡ್‌ನಲ್ಲೇ ಸೇರಿಸಿ.

ಹೆಜ್ಜೆ 7: ಉಳಿದ ಸಿ ಕೋಡ್ ಅನ್ನು ಅನಾಥ ಮಾಡಬೇಡಿ

ಮುಂದಿನ ಹಲವು ವರ್ಷ ನಿಮ್ಮ ಪ್ರಾಡಕ್ಟ್‌ನ ದೊಡ್ಡ ಪಾಲು ಸಿಯಲ್ಲೇ ಇರುತ್ತದೆ. ಎಲ್ಲ ಟೆಸ್ಟ್‌ಗಳನ್ನೂ ಮೆಮೊರಿ ತಪ್ಪುಗಳನ್ನು ಓಡುವಾಗಲೇ ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿದ ಬಿಲ್ಡ್‌ನಲ್ಲಿ ಓಡಿಸಿ. ವೇಗ ಸುಮಾರು ಅರ್ಧವಾಗುತ್ತದೆ, ಟೆಸ್ಟ್ ಯಂತ್ರದಲ್ಲಿ ಅದು ತೊಂದರೆಯಲ್ಲ. ಕೆಂಪು ಗುರುತಿನ ಪ್ರತಿ ಪಾರ್ಸರ್‌ಗೂ ಒಂದು ಫಝರ್ ಬರೆಯಿರಿ. ಯದ್ವಾತದ್ವಾ ಡೇಟಾವನ್ನು ರಾತ್ರಿಯೆಲ್ಲ ಸುರಿಯುತ್ತ ಎಲ್ಲಿ ಮುರಿಯುತ್ತದೆ ಎಂದು ಅದು ಹುಡುಕುತ್ತದೆ. ಗೇಟ್‌ವೇಯ ಮೀಟರ್ ಓದುವ ಕೋಡ್‌ಗೆ ನಾನಾದರೆ ಮೊದಲು ಮಾಡುವುದು ಇದನ್ನೇ.

ಸಿ ಪ್ಲಸ್ ಪ್ಲಸ್ ಬಳಸುವವರಿಗೆ ಇನ್ನೊಂದು ಒಳ್ಳೆಯ ಅವಕಾಶ ಇದೆ. ಸ್ಟ್ಯಾಂಡರ್ಡ್ ಲೈಬ್ರರಿಯ ಬಿಗಿ ಮಾಡಿದ ರೂಪ ವೆಕ್ಟರ್, ಸ್ಪ್ಯಾನ್ ಎಂಬ ಡೇಟಾ ಪಟ್ಟಿಗಳ ಗಡಿಯನ್ನು ತಾನೇ ಪರೀಕ್ಷಿಸುತ್ತದೆ. ಗೂಗಲ್ ತನ್ನ ಸರ್ವರ್‌ಗಳಲ್ಲಿ ಇದನ್ನು ಹಾಕಿದಾಗ ಸರಾಸರಿ ವೇಗ ಇಳಿದದ್ದು 0.30% ಮಾತ್ರ. ಬಿಲ್ಡ್ ಫೈಲ್‌ನಲ್ಲಿ ಒಂದು ಸಾಲು ಸೇರಿಸುವ ಕೆಲಸ. ಆದರೂ ಇದು ಮುಖ್ಯವಾಗಿ ಗಡಿ ತಪ್ಪುಗಳನ್ನು ಹಿಡಿಯುತ್ತದೆ, ಬಿಟ್ಟುಕೊಟ್ಟ ಮೆಮೊರಿಯ ತಪ್ಪುಗಳು ಹಾಗೇ ಉಳಿಯುತ್ತವೆ.

ಹೆಜ್ಜೆ 8: ತೀರ್ಮಾನವನ್ನು ಒಂದು ಪುಟದಲ್ಲಿ ಬರೆದಿಡಿ

ಮಾಡ್ಯೂಲ್‌ನ ಹೆಸರು. ಹೊರಗಿನ ಡೇಟಾ ಮುಟ್ಟುತ್ತದಾ, ಅಧಿಕಾರ ಎಷ್ಟು. ಆರಿಸಿದ ಭಾಷೆ, ಬಿಟ್ಟ ಭಾಷೆ, ಯಾಕೆ. ಸಿ ಆರಿಸಿದ್ದರೆ ಅದರ ಸುತ್ತ ಯಾವ ಬೇಲಿ ಹಾಕಿದ್ದೀರಿ. ಪ್ಯಾನಿಕ್ ಅಥವಾ ಕ್ರ್ಯಾಶ್ ಆದರೆ ಮುಂದೇನು. ಕೊನೆಗೆ, ಈ ತೀರ್ಮಾನವನ್ನು ಯಾವಾಗ ಮತ್ತೆ ತೆರೆಯಬೇಕು: ಹೊಸ ಚಿಪ್ ಬಂದಾಗ, ಆ ಮಾಡ್ಯೂಲ್‌ನಲ್ಲಿ ಭದ್ರತಾ ದೋಷ ಸಿಕ್ಕಾಗ, ಅಥವಾ ಇಲ್ಲಿಯವರೆಗೆ ಒಳಗಷ್ಟೇ ಇದ್ದ ಡೇಟಾ ಹೊರಗಿನಿಂದ ಬರಲು ಶುರುವಾದಾಗ. ಈ ಮೂರನೆಯದನ್ನು ಮರೆಯುವವರೇ ಜಾಸ್ತಿ. ನಮ್ಮ ಗೇಟ್‌ವೇಯಲ್ಲಿ ನಾಳೆ ಯಾರೋ ಸೀರಿಯಲ್ ಕೇಬಲ್ ತೆಗೆದು ಮೀಟರ್‌ಗಳನ್ನು ವೈಫೈಗೆ ಜೋಡಿಸಬಹುದು. ಆಗ ಹಳೆಯ ಸಿ ಪಾರ್ಸರ್‌ಗೂ ಕೆಂಪು ಗುರುತು ಬೀಳುತ್ತದೆ, ಎರಡನೇ ಹೆಜ್ಜೆಯಿಂದ ಮತ್ತೆ ಶುರು ಮಾಡಬೇಕು.

ಈ ಪುಟ ಕೋಡ್ ಇರುವ ರೆಪೊಸಿಟರಿಯಲ್ಲೇ ಇರಲಿ. ಕೋಡ್ ಜೊತೆ ಅದೂ ರಿವ್ಯೂ ಆಗಲಿ.